ಸಲಹೆಗಾರರು ಬರುವ ಮುನ್ನ, ಹೋದ ಮೇಲೆ

ಹತ್ತು ಹದಿನೈದು ವರ್ಷ ಹಳ್ಳಿಗಳಲ್ಲಿ ದುಡಿದು ಒಳ್ಳೆಯ ಹೆಸರು ಮಾಡಿದ ಸ್ವಯಂಸೇವಾ ಸಂಸ್ಥೆ ಒಂದೆರಡು ವರ್ಷಗಳಲ್ಲೇ ಬಾಗಿಲು ಹಾಕುವುದು ನಮ್ಮಲ್ಲಿ ಅಪರೂಪವಲ್ಲ. ಕಾರಣ ಕೇಳಿದರೆ ಸಿಗುವುದು ಒಂದೇ ಉತ್ತರ: “ಫಂಡ್ ನಿಂತುಹೋಯ್ತು ಸಾರ್.” ಸ್ವಲ್ಪ ಒಳಹೊಕ್ಕು ನೋಡಿದರೆ ಫಂಡ್ ನಿಲ್ಲುವುದಕ್ಕೆ ಬಹಳ ಮೊದಲೇ ಬೇರೆ ಏನೇನೋ ನಿಂತಿರುತ್ತದೆ. ನಡಾವಳಿ ಪುಸ್ತಕದಲ್ಲಿ ಎರಡು ವರ್ಷದಿಂದ ಒಂದು ಸಾಲೂ ಇರುವುದಿಲ್ಲ. ಬಿಟ್ಟುಹೋದ ಅಕೌಂಟೆಂಟ್ ಜಾಗಕ್ಕೆ ಯಾರೂ ಬಂದಿರುವುದಿಲ್ಲ. ದಾನಿಗಳ ಪರಿಚಯ, ಬ್ಯಾಂಕಿನ ಒಟಿಪಿ, ಅಧಿಕಾರಿಗಳ ಸಂಪರ್ಕ ಎಲ್ಲವೂ ಸ್ಥಾಪಕರ ಮೊಬೈಲ್ ಫೋನಿನಲ್ಲೇ ಇರುತ್ತದೆ.

ಇಂಥ ಸಂಸ್ಥೆಗಳಿಗೆ ನೆರವಾಗಲೆಂದೇ ಈಗ ಒಂದು ಕ್ಷೇತ್ರವೇ ಬೆಳೆದಿದೆ. ಮುಂಬೈಯ ದಸ್ರಾ 1999ರಿಂದ ಈ ಕೆಲಸದಲ್ಲಿದೆ. ಬೆಂಗಳೂರಿನ ಸತ್ವ ಕನ್ಸಲ್ಟಿಂಗ್ ಕಂಪನಿಗಳಿಗೂ ಸಂಸ್ಥೆಗಳಿಗೂ ಸಲಹೆ ಕೊಡುತ್ತದೆ. ಬೆಂಗಳೂರಿನ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಮತ್ತು ದಿ/ನಡ್ಜ್ ಹೊಸ ಲಾಭರಹಿತ ಸಂಸ್ಥೆಗಳನ್ನು ಕೈಹಿಡಿದು ನಡೆಸುವ ಇನ್‌ಕ್ಯುಬೇಟರ್ ಕಾರ್ಯಕ್ರಮಗಳನ್ನು ಇಟ್ಟುಕೊಂಡಿವೆ. ಕಂಪನಿಗಳ ಅನುಭವಿ ಉದ್ಯೋಗಿಗಳನ್ನು ಶುಲ್ಕವಿಲ್ಲದೆ ಸಂಸ್ಥೆಗಳ ಜತೆ ಕೂರಿಸುವ ಟೂಲ್‌ಬಾಕ್ಸ್ ಇಂಡಿಯಾದಂಥ ವೇದಿಕೆಗಳಿವೆ. ಇವುಗಳ ಜತೆಗೆ ಬಿಡಿ ಸಲಹೆಗಾರರು, ನಿವೃತ್ತ ಅಧಿಕಾರಿಗಳು, ಲೆಕ್ಕಪರಿಶೋಧಕರು. ಹೀಗಾಗಿ ನೆರವು ಸಿಗುವುದಿಲ್ಲ ಎಂಬ ಮಾತು ಈಗ ಅಷ್ಟು ನಿಜವಲ್ಲ. ಆದರೆ ಸಂಸ್ಥೆಗಳು ತಪ್ಪು ನೆರವನ್ನು ತಪ್ಪು ಹೊತ್ತಿನಲ್ಲಿ ಕೇಳುತ್ತವೆ. ಲೆಕ್ಕದ ಪುಸ್ತಕ ಅರ್ಧಕ್ಕೆ ನಿಂತಿರುವಾಗ “ಐದು ವರ್ಷದ ಸ್ಟ್ರಾಟೆಜಿಕ್ ಪ್ಲಾನ್” ಮಾಡಿಸಲು ಹೊರಡುತ್ತವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಸಣ್ಣ ಸಂಸ್ಥೆಯ ಮಟ್ಟಿಗೆ ಮೊದಲು ಕಾಗದಪತ್ರ, ಆಮೇಲೆ ನಿಜವಾದ ಖರ್ಚಿನ ಲೆಕ್ಕ, ಆಮೇಲೆ ಬೋರ್ಡ್, ಕೊನೆಗೆ ಯೋಜನೆ ಎಂಬ ಕ್ರಮವೇ ಸರಿ ಎಂದು ನನಗನ್ನಿಸುತ್ತದೆ. ಸಲಹೆಗಾರರಲ್ಲಿ ಅನೇಕರು ಕೊನೆಯದನ್ನೇ ಮೊದಲು ಮಾಡಲು ಉತ್ಸಾಹ ತೋರುತ್ತಾರೆ, ಏಕೆಂದರೆ ಅದು ನೋಡಲು ಚೆಂದ.

ಕಾಗದದ ತಪಾಸಣೆ

ಇದಕ್ಕೆ ದೊಡ್ಡ ಸಲಹೆಗಾರರು ಬೇಡ. ಸಂಸ್ಥೆಗಳ ಕೆಲಸ ಗೊತ್ತಿರುವ ಒಬ್ಬ ಲೆಕ್ಕಪರಿಶೋಧಕರನ್ನು ಎರಡು ದಿನ ಕೂರಿಸಿಕೊಂಡರೆ ಸಾಕು. “ಸಂಸ್ಥೆಗಳ ಕೆಲಸ ಗೊತ್ತಿರುವ” ಎಂಬ ಮಾತನ್ನು ಒತ್ತಿ ಹೇಳಬೇಕು. ಅಂಗಡಿ, ಗುತ್ತಿಗೆದಾರರ ಲೆಕ್ಕ ನೋಡುವ ಆಡಿಟರು ಎಷ್ಟೇ ಒಳ್ಳೆಯವರಾದರೂ ಟ್ರಸ್ಟಿನ ತೆರಿಗೆ ಬೇರೆಯದೇ ಲೋಕ.

ಮೊದಲು ನೋಡಬೇಕಾದದ್ದು ಸಂಸ್ಥೆಯ ಹುಟ್ಟು ಎಲ್ಲಿ ಎಂಬುದನ್ನು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿತ ಸಂಘವಾದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕಾರು ವರ್ಷ ಸಲ್ಲಿಸದೆ ಬಿಟ್ಟು, ಕಂಪನಿಯೊಂದು “ಇತ್ತೀಚಿನ ಪಟ್ಟಿಯ ದೃಢೀಕೃತ ಪ್ರತಿ ಕೊಡಿ” ಎಂದಾಗ ದಂಡ ಕಟ್ಟಲು ಓಡುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ಮಾಡಿಸಿದ ಟ್ರಸ್ಟಾದರೆ ಆ ವಾರ್ಷಿಕ ಸಲ್ಲಿಕೆ ಇಲ್ಲ. ಮಹಾರಾಷ್ಟ್ರದಲ್ಲಿ 1950ರಿಂದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಿದ್ದು ಚಾರಿಟಿ ಕಮಿಷನರ್ ಕಣ್ಣಿಡುತ್ತಾರೆ. ಕರ್ನಾಟಕದಲ್ಲಿ ಎಲ್ಲ ಟ್ರಸ್ಟ್‌ಗಳ ಮೇಲೆ ಹಾಗೆ ಕಣ್ಣಿಡುವ ಕಚೇರಿ ಇಲ್ಲ. ಟ್ರಸ್ಟ್ ಪತ್ರ ಬರೆಸುವಾಗ ಟ್ರಸ್ಟಿ ಬದಲಾವಣೆಯ ನಿಯಮ ಸರಿಯಾಗಿ ಸೇರಿಸದಿದ್ದರೆ ಅದರ ಫಲ ಇಪ್ಪತ್ತು ವರ್ಷದ ಮೇಲೆ, ಇಬ್ಬರು ಟ್ರಸ್ಟಿಗಳು ತೀರಿಕೊಂಡಾಗ ಗೊತ್ತಾಗುತ್ತದೆ.

ಇನ್ನು ತೆರಿಗೆ. 2021ರಲ್ಲಿ ಹೊಸ ಪದ್ಧತಿಯಡಿ ಮರುನೋಂದಣಿ ಮಾಡಿಸಿಕೊಂಡ ಹಳೆಯ ಸಂಸ್ಥೆಗಳ ಪೈಕಿ ಬಹುಪಾಲು ಸಂಸ್ಥೆಗಳ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದಾಗಿತ್ತು. ಅದರ ನವೀಕರಣಕ್ಕೆ ಅರ್ಜಿ ಹಾಕಬೇಕಾಗಿದ್ದ ಕೊನೆಯ ದಿನ 2025ರ ಸೆಪ್ಟೆಂಬರ್ 30, ಅಂದರೆ ಆರು ತಿಂಗಳು ಮುಂಚೆ. ಈ “ಆರು ತಿಂಗಳು ಮುಂಚೆ” ಎಂಬುದು ಗೊತ್ತಿಲ್ಲದೆ, ಅವಧಿ ಮುಗಿಯುವ ತಿಂಗಳಲ್ಲಿ ಆಡಿಟರ ಬಾಗಿಲು ತಟ್ಟಿದವರು ಕಡಿಮೆಯಲ್ಲ. 2025ರ ಬಜೆಟ್ಟಿನಲ್ಲಿ, ಹಿಂದಿನ ಎರಡು ವರ್ಷಗಳ ಪ್ರತಿ ವರ್ಷವೂ ಆದಾಯ 5 ಕೋಟಿ ರೂಪಾಯಿ ಮೀರದ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿಯ ನೋಂದಣಿಯನ್ನು 5ರ ಬದಲು 10 ವರ್ಷಕ್ಕೆ ಕೊಡುವ ಸಡಿಲಿಕೆ ಬಂತು. ಆ ಬಜೆಟ್ಟಿನಲ್ಲಿ 80ಜಿಗೆ ಅದೇ ಸೌಲಭ್ಯ ಸಿಗಲಿಲ್ಲ. ಆದ್ದರಿಂದ ಎರಡರ ದಿನಾಂಕವನ್ನೂ ಬೇರೆ ಬೇರೆಯಾಗಿ ಗೋಡೆಯ ಮೇಲೆ ಬರೆದಿಡುವುದು ಕ್ಷೇಮ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದು ಸೆಕ್ಷನ್, ನಮೂನೆಗಳ ಸಂಖ್ಯೆಗಳೂ ಬದಲಾಗಿವೆ. ಎಲ್ಲರೂ ಇನ್ನೂ 12ಎ, 80ಜಿ ಎಂದೇ ಕರೆಯುತ್ತಾರೆ, ಇಲ್ಲಿಯೂ ಹಾಗೆಯೇ ಕರೆದಿದ್ದೇನೆ. ಅರ್ಜಿ ತುಂಬುವಾಗ ಮಾತ್ರ ಹೊಸ ಸಂಖ್ಯೆಯನ್ನೇ ನೋಡಿ.

ದಾನಿಗೆ ರಶೀದಿ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಂಡಿರುವ ಸಂಸ್ಥೆಗಳು ಈಗಲೂ ಇವೆ. 2021-22ರಿಂದ ಈಚೆಗೆ, 80ಜಿ ಇರುವ ಸಂಸ್ಥೆ ವರ್ಷದ ಎಲ್ಲ ದಾನಿಗಳ ಪಟ್ಟಿಯನ್ನು ಮುಂದಿನ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಬರುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. ಪ್ಯಾನ್ ಸಂಖ್ಯೆ ಇಲ್ಲದೆ ದೇಣಿಗೆ ಪಡೆದು ಮೇ ತಿಂಗಳ ಕೊನೆಯ ವಾರ ದಾನಿಗಳಿಗೆಲ್ಲ ವಾಟ್ಸ್‌ಆ್ಯಪ್ ಮಾಡುತ್ತ ಕೂರುವ ಗೋಳು ತಪ್ಪಬೇಕಾದರೆ ರಶೀದಿ ಪುಸ್ತಕದಲ್ಲೇ ಪ್ಯಾನ್‌ಗೆ ಒಂದು ಗೆರೆ ಅಚ್ಚು ಹಾಕಿಸಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ಲಾಭ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗಳಿಗೆ ಹೇಗೂ ಇಲ್ಲ. ಸಂಬಳದಾರರಲ್ಲಿ ಬಹಳ ಮಂದಿ ಹೊಸ ಪದ್ಧತಿಗೆ ಹೋಗಿರುವಾಗ, “80ಜಿ ಇದೆ, ಕೊಡಿ” ಎಂದು ಕೇಳುವ ಹಳೆಯ ಚಾಳಿಯನ್ನೂ ಸ್ವಲ್ಪ ಬದಲಿಸಬೇಕು.

ವಿದೇಶಿ ದೇಣಿಗೆಯ ವಿಚಾರ ಇನ್ನೂ ಬಿಗಿ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಹಣ ಮೊದಲು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚದ ಮಿತಿ 50ರಿಂದ 20 ಪ್ರತಿಶತಕ್ಕೆ ಇಳಿಯಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಯ ನೆರಳಿನಲ್ಲಿ ಬದುಕಿದ್ದ ಎಷ್ಟೋ ಸಣ್ಣ ಸಂಸ್ಥೆಗಳಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಈ ಕೊನೆಯ ನಿಯಮ. ಸಲಹೆಗಾರರಿಗೆ ಕೊಡುವ ವೃತ್ತಿಶುಲ್ಕವೂ ಸಾಮಾನ್ಯವಾಗಿ ಆ 20 ಪ್ರತಿಶತದೊಳಗೇ ಬರುವುದರಿಂದ, ಆ ಖಾತೆಯಿಂದ ಶುಲ್ಕ ಕೊಡುವ ಮುನ್ನ ಆಡಿಟರನ್ನು ಕೇಳಿ.

ಓವರ್‌ಹೆಡ್ ಎಂಬ ಗುಮ್ಮ

ಸಂಸ್ಥೆಗಳನ್ನು ಒಳಗಿಂದೊಳಗೇ ಕೊರೆಯುವುದು ಈ ಓವರ್‌ಹೆಡ್, ಅಂದರೆ ಪರೋಕ್ಷ ಖರ್ಚಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಒಂದು ಸಂಸ್ಥೆಯ ವಾರ್ಷಿಕ ಖರ್ಚು 60 ಲಕ್ಷ ಎಂದಿಟ್ಟುಕೊಳ್ಳಿ. ಮೂರು ಯೋಜನೆಗಳಿವೆ. ಶಿಕ್ಷಕಿಯರ ಗೌರವಧನ, ಮಕ್ಕಳ ಪುಸ್ತಕ, ಫೀಲ್ಡ್ ಸಿಬ್ಬಂದಿಯ ಬೈಕ್ ಪೆಟ್ರೋಲು ಎಲ್ಲ ಸೇರಿ ನೇರ ಖರ್ಚು 50 ಲಕ್ಷ. ಉಳಿದ 10 ಲಕ್ಷ ಎಲ್ಲಿಗೆ? ಕಚೇರಿ ಬಾಡಿಗೆ 1.8 ಲಕ್ಷ, ಅಕೌಂಟೆಂಟ್ ಸಂಬಳ 2.4 ಲಕ್ಷ, ಮುಖ್ಯಸ್ಥರ ಸಂಬಳದಲ್ಲಿ ಆಡಳಿತಕ್ಕೆ ಹೋಗುವ ಪಾಲು 3 ಲಕ್ಷ, ಆಡಿಟ್ ಮತ್ತು ಕಾನೂನು ಖರ್ಚು 80 ಸಾವಿರ, ವಿದ್ಯುತ್, ಇಂಟರ್‌ನೆಟ್, ಟ್ಯಾಲಿ ಸೇರಿ 70 ಸಾವಿರ, ಸಿಬ್ಬಂದಿ ತರಬೇತಿ 50 ಸಾವಿರ, ದಾನಿಗಳನ್ನು ಕಾಣಲು ಓಡಾಟ 80 ಸಾವಿರ. ಕೂಡಿಸಿದರೆ ಸರಿಯಾಗಿ 10 ಲಕ್ಷ. ಅಂದರೆ ನೇರ ಖರ್ಚಿನ ಪ್ರತಿ 100 ರೂಪಾಯಿಯ ಹಿಂದೆ 20 ರೂಪಾಯಿ ಪರೋಕ್ಷ ಖರ್ಚು ಇದ್ದೇ ಇದೆ.

ಈಗ ಒಂದು ಕಂಪನಿ 20 ಲಕ್ಷದ ಯೋಜನೆಗೆ ಒಪ್ಪಿ, “ಅಡ್ಮಿನ್ ವೆಚ್ಚ 5 ಪರ್ಸೆಂಟ್ ಮಾತ್ರ” ಎನ್ನುತ್ತದೆ. ಸಿಗುವುದು 1 ಲಕ್ಷ, ಬೇಕಾದದ್ದು 4 ಲಕ್ಷ. ಕೊರತೆ 3 ಲಕ್ಷ. ಅದನ್ನು ತುಂಬುವುದು ಹೇಗೆ ಎಂದು ಯಾವ ವರದಿಯೂ ಬರೆಯುವುದಿಲ್ಲ. ಅಕೌಂಟೆಂಟನ್ನು ಅರ್ಧ ದಿನಕ್ಕೆ ಇಳಿಸುತ್ತಾರೆ, ಮುಖ್ಯಸ್ಥರು ಆರು ತಿಂಗಳು ಸಂಬಳ ತೆಗೆದುಕೊಳ್ಳುವುದಿಲ್ಲ, ಇಲ್ಲವೇ ಬಾಡಿಗೆಯನ್ನು “ತರಬೇತಿ ಸಭಾಂಗಣ” ಎಂದು ತೋರಿಸುತ್ತಾರೆ. ಕೊನೆಯದು ಸಣ್ಣ ಸುಳ್ಳಿನಂತೆ ಕಂಡರೂ ಆಡಿಟ್‌ನಲ್ಲಿ ಸಿಕ್ಕಿಬಿದ್ದ ದಿನ ಸಂಸ್ಥೆಯ ಹೆಸರು ಹೋಗುತ್ತದೆ.

ತಮಾಷೆಯೆಂದರೆ, ಈ 5 ಪರ್ಸೆಂಟಿನ ಮಾತಿಗೆ ಕಾನೂನಿನಲ್ಲಿ ಆಧಾರವೇ ಇಲ್ಲ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ನಿನ ಅಡಿಯ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನಿಯಮಗಳು ಹೇಳುವ 5 ಪ್ರತಿಶತ ಮಿತಿ ಕಂಪನಿಗೆ ಅನ್ವಯಿಸುವಂಥದ್ದು. ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಕಂಪನಿ ಮಾಡುವ ಸಾಮಾನ್ಯ ಆಡಳಿತ ವೆಚ್ಚ ಅದು. ಕೆಲಸ ಮಾಡುವ ಸಂಸ್ಥೆಯ ಆಡಳಿತ ವೆಚ್ಚಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಪ್ರಶ್ನೋತ್ತರ ರೂಪದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆದರೂ ಮಾತುಕತೆಯ ಮೇಜಿನಲ್ಲಿ “ಸರ್ಕಾರದ ರೂಲ್” ಎಂದು ಹೇಳಿದ ಕೂಡಲೇ ನಮ್ಮವರು ತಲೆಯಾಡಿಸಿ ಬರುತ್ತಾರೆ. ಆ ಸುತ್ತೋಲೆಯ ಪ್ರತಿ ಬ್ಯಾಗಿನಲ್ಲಿರಲಿ. ಜಗಳಕ್ಕಲ್ಲ. ಎದುರು ಕುಳಿತ ಕಿರಿಯ ಅಧಿಕಾರಿಗೂ ಅನೇಕ ಬಾರಿ ಅದು ಗೊತ್ತಿರುವುದಿಲ್ಲ, ಮೇಲಿನವರಿಗೆ ತೋರಿಸಲು ಅವರಿಗೂ ಒಂದು ಕಾಗದ ಬೇಕಾಗಿರುತ್ತದೆ.

ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆ ಭಾರತದ 388 ಸ್ವಯಂಸೇವಾ ಸಂಸ್ಥೆಗಳನ್ನು ಕೇಳಿದಾಗ 83 ಪ್ರತಿಶತ ಸಂಸ್ಥೆಗಳು ಪರೋಕ್ಷ ಖರ್ಚಿಗೆ ಹಣ ಹೊಂದಿಸುವುದೇ ಕಷ್ಟವೆಂದಿದ್ದವು. ಹೆಸರಾಂತ 40 ಸಂಸ್ಥೆಗಳ ಲೆಕ್ಕ ಬಿಡಿಸಿ ನೋಡಿದಾಗ ಪರೋಕ್ಷ ಖರ್ಚು 5ರಿಂದ 51 ಪ್ರತಿಶತದವರೆಗೆ ಹರಡಿತ್ತು, ನಡುವಿನ ಮೌಲ್ಯ 19. ಬೀದಿ ಮಕ್ಕಳ ಜತೆ ಕೆಲಸ ಮಾಡುವ ಸಂಸ್ಥೆಗೂ ಸಂಶೋಧನೆ ನಡೆಸುವ ಸಂಸ್ಥೆಗೂ ಒಂದೇ ಅಳತೆಗೋಲು ಹಿಡಿಯಲಾಗದು ಎಂಬುದಕ್ಕೆ ಆ ಅಂತರವೇ ಸಾಕ್ಷಿ. ದಾನಿಗಳ ಕಡೆಯಿಂದಲೂ ಅಲ್ಲಲ್ಲಿ ಬದಲಾವಣೆ ಇದೆ. ಎಡೆಲ್‌ಗಿವ್ ಫೌಂಡೇಶನ್ 2021ರಲ್ಲಿ ಆರಂಭಿಸಿದ ಗ್ರೋ ಫಂಡ್, ತಳಮಟ್ಟದ 100 ಸಂಸ್ಥೆಗಳಿಗೆ 24 ತಿಂಗಳ ಕಾಲ ಅವುಗಳ ಮೂಲಭೂತ ಖರ್ಚು ಮತ್ತು ಸಾಮರ್ಥ್ಯಕ್ಕೆಂದೇ 100 ಕೋಟಿ ರೂಪಾಯಿ ಹೊಂದಿಸಲು ಹೊರಟಿತ್ತು.

ಹಾಗಾಗಿ ಸಲಹೆಗಾರರಿಂದ ಮೊದಲು ಮಾಡಿಸಿಕೊಳ್ಳಬೇಕಾದ ಕೆಲಸ ಯಾವುದೆಂದು ಕೇಳಿದರೆ, ಮೇಲಿನ 60 ಲಕ್ಷದ ಲೆಕ್ಕದಂತೆ ನಿಮ್ಮ ಸಂಸ್ಥೆಯ ಪೂರ್ಣ ಖರ್ಚಿನ ಹಾಳೆ. ಟ್ಯಾಲಿಯಲ್ಲಿ ಯೋಜನೆಗೊಂದು ಕಾಸ್ಟ್ ಸೆಂಟರ್ ತೆರೆದು, ಪ್ರತಿ ವೋಚರ್‌ನ ಮೇಲೆ ಯಾವ ಯೋಜನೆ ಎಂದು ಬರೆಸಿ, ಹಂಚಿಕೆಯ ಖರ್ಚನ್ನು ಯಾವ ಆಧಾರದಲ್ಲಿ ಹಂಚುತ್ತೀರಿ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಬೋರ್ಡ್‌ನ ಒಪ್ಪಿಗೆ ಪಡೆಯಿರಿ. ಬಾಡಿಗೆಯನ್ನು ಸಿಬ್ಬಂದಿಯ ತಲೆಲೆಕ್ಕದಲ್ಲೋ ಜಾಗದ ಲೆಕ್ಕದಲ್ಲೋ ಹಂಚಿ, ಆದರೆ ವರ್ಷವಿಡೀ ಒಂದೇ ಲೆಕ್ಕ ಇರಲಿ. ಇದೊಂದು ಹಾಳೆ ಕೈಯಲ್ಲಿದ್ದರೆ ಮುಂದಿನ ಪ್ರತಿ ಪ್ರಪೋಸಲ್‌ನ ಮಾತು ಬದಲಾಗುತ್ತದೆ.

ಉಳಿತಾಯದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ಟ್ರಸ್ಟು ಹಣ ಉಳಿಸಬಾರದು, ಉಳಿದರೆ ತೆರಿಗೆ ಬೀಳುತ್ತದೆ ಎಂದು. ವರ್ಷದ ಆದಾಯದಲ್ಲಿ 85 ಪ್ರತಿಶತವನ್ನು ಉದ್ದೇಶಕ್ಕೆ ಬಳಸಬೇಕು ನಿಜ, ಉಳಿದ 15 ಪ್ರತಿಶತವನ್ನು ಬ್ಯಾಂಕ್ ಠೇವಣಿಯಂಥ ಅನುಮತಿಸಿದ ರೂಪಗಳಲ್ಲಿ ಇಟ್ಟುಕೊಳ್ಳಲು ಕಾನೂನೇ ಬಿಡುತ್ತದೆ. ಆದರೆ ಯೋಜನೆಗೆಂದು ಬಂದ ಹಣ ಉಳಿದರೆ ಬಹುತೇಕ ಅದನ್ನು ಕೊಟ್ಟವರಿಗೇ ಮರಳಿಸಬೇಕಾಗುತ್ತದೆ. ಹೀಗಾಗಿ ಕೂಡಿಡಲು ಸಾಧ್ಯವಾಗುವುದು ಊರವರ ಸಾಮಾನ್ಯ ದೇಣಿಗೆ, ಹಳೆಯ ವಿದ್ಯಾರ್ಥಿಗಳ ಸಣ್ಣ ಮೊತ್ತ, ಬಡ್ಡಿ ಇಂಥವುಗಳಿಂದಲೇ. ತಿಂಗಳಿಗೆ 5 ಲಕ್ಷ ಖರ್ಚಿರುವ ಮೇಲಿನ ಸಂಸ್ಥೆಗೆ ಮೂರು ತಿಂಗಳ ಆಸರೆ ಎಂದರೆ 15 ಲಕ್ಷ. ಒಂದೇ ವರ್ಷದಲ್ಲಿ ಆಗುವ ಮಾತಲ್ಲ, ಐದು ವರ್ಷದಲ್ಲಿ ಆಗುತ್ತದೆ.

ಬೋರ್ಡು

ಸಭೆ ನಡೆಯದೆ ನಡಾವಳಿ ಬರೆದು, ಪುಸ್ತಕವನ್ನು ಮನೆಮನೆಗೆ ಕೊಂಡೊಯ್ದು ಸಹಿ ಹಾಕಿಸಿಕೊಳ್ಳುವ ಪದ್ಧತಿ ಎಷ್ಟು ಸಾಮಾನ್ಯವೆಂದರೆ ಅದನ್ನು ತಪ್ಪೆಂದು ಯಾರೂ ಭಾವಿಸುವುದೇ ಇಲ್ಲ. ಗಂಡ, ಹೆಂಡತಿ, ಭಾವ, ಒಬ್ಬ ಹಳೆಯ ಸ್ನೇಹಿತ ಸೇರಿ ಟ್ರಸ್ಟ್ ಶುರುವಾಗುವುದು ಸಹಜ. ಸಂಸ್ಥೆ ಬೆಳೆದ ಮೇಲೂ ಅಷ್ಟೇ ಜನ ಉಳಿದರೆ ತೊಂದರೆ. ಹೊರಗಿನ ಇಬ್ಬರನ್ನಾದರೂ ತನ್ನಿ. ಅವರಲ್ಲಿ ಒಬ್ಬರಿಗೆ ಲೆಕ್ಕ ಓದಲು ಬರಲಿ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಪ್ರತಿ ಊರಿನಲ್ಲೂ ಸಿಗುತ್ತಾರೆ, ಅಂಥವರು “ಈ ಅಡ್ವಾನ್ಸ್ ಯಾಕೆ ಇನ್ನೂ ಕ್ಲಿಯರ್ ಆಗಿಲ್ಲ?” ಎಂದು ಕೇಳುವ ಒಂದು ಪ್ರಶ್ನೆ ಎಷ್ಟೋ ತರಬೇತಿಗಳಿಗೆ ಸಮ. ಇನ್ನೊಬ್ಬರು ಸಂಸ್ಥೆ ಯಾರಿಗಾಗಿ ಇದೆಯೋ ಆ ಜನರ ನಡುವಿನವರಾಗಿದ್ದರೆ ಒಳ್ಳೆಯದು. ಹೆಸರಿಗೆ ದೊಡ್ಡವರನ್ನು ತಂದು ಕೂರಿಸುವುದರಿಂದ ಲೆಟರ್‌ಹೆಡ್ಡಿಗೆ ಬಿಟ್ಟು ಬೇರೆ ಯಾವುದಕ್ಕೂ ಲಾಭವಿಲ್ಲ.

ಬೋರ್ಡನ್ನು ಸರಿಪಡಿಸಲು ಹೊರಗಿನವರು ನಿಜಕ್ಕೂ ಬೇಕಾಗುತ್ತಾರೆ. “ಅಣ್ಣಾ, ನೀವು ಎರಡು ವರ್ಷ ಸಭೆಗೆ ಬಂದಿಲ್ಲ, ಜಾಗ ಬಿಟ್ಟುಕೊಡಿ” ಎಂದು ಕಾರ್ಯದರ್ಶಿ ಹೇಳಲಾರರು. ಹೊರಗಿನ ಸಲಹೆಗಾರರು ವರದಿಯಲ್ಲಿ ಬರೆದರೆ ಹೇಳಿದಂತೆಯೂ ಆಗುತ್ತದೆ, ಸಂಬಂಧವೂ ಕೆಡುವುದಿಲ್ಲ. ಸ್ಥಾಪಕರ ನಂತರ ಯಾರು ಎಂಬ ಮಾತೂ ಹೀಗೆಯೇ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿ, ಹೆಗ್ಗಡದೇವನಕೋಟೆ ಕಡೆಯ ಆದಿವಾಸಿಗಳ ನಡುವೆ ಬೆಳೆದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಲ್ಲಿ ಸ್ಥಾಪಕ ಡಾ. ಆರ್. ಬಾಲಸುಬ್ರಹ್ಮಣ್ಯಂ ಆಡಳಿತವನ್ನು ಸಹೋದ್ಯೋಗಿಗಳ ಕೈಗೆ ಬಿಟ್ಟು ಬೇರೆ ಕೆಲಸಕ್ಕೆ ಹೊರಳಿದರು, ಆಸ್ಪತ್ರೆ ಶಾಲೆಗಳು ನಡೆಯುತ್ತಲೇ ಇವೆ. ಅಂಥ ಉದಾಹರಣೆಗಳು ನಮ್ಮಲ್ಲಿ ಬೆರಳೆಣಿಕೆಯವು.

ಸಂಸ್ಥೆ ಕಟ್ಟುವ ಕೆಲಸಕ್ಕೂ ಹಣ ಬೇಕು ಎಂಬುದಕ್ಕೆ ಕರ್ನಾಟಕದಲ್ಲೇ ಇನ್ನೊಂದು ಹಳೆಯ ಕತೆಯಿದೆ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ, ಎಂಬತ್ತರ ದಶಕದಲ್ಲಿ ಹಳ್ಳಿಯ ಸಣ್ಣ ಉಳಿತಾಯ ಗುಂಪುಗಳ ಜತೆ ಕೆಲಸಕ್ಕೆ ಇಳಿಯಿತು. 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಗುಂಪುಗಳಿಗೆ ಸಭೆ ನಡೆಸುವುದು, ಪುಸ್ತಕ ಬರೆಯುವುದು, ನಿಯಮ ಮಾಡಿಕೊಳ್ಳುವುದನ್ನು ಕಲಿಸಿದ ಮೇಲೆ ಅವುಗಳ ಉಳಿತಾಯಕ್ಕೆ ಸರಿಜೋಡಿಯಾಗಿ ಹಾಕಬೇಕಾದ ಹಣ ಅದು. 1992ರಲ್ಲಿ ದೇಶದಾದ್ಯಂತ ಶುರುವಾದ ಸ್ವಸಹಾಯ ಗುಂಪು–ಬ್ಯಾಂಕ್ ಜೋಡಣೆಗೆ ದಾರಿ ಮಾಡಿಕೊಟ್ಟದ್ದು ಇಂಥ ಪ್ರಯೋಗಗಳೇ. ಸಾಲಕ್ಕಿಂತ ಮೊದಲು ಗುಂಪನ್ನು ಸಂಸ್ಥೆಯಾಗಿ ನಿಲ್ಲಿಸುವ ಖರ್ಚನ್ನು ಯಾರೋ ಭರಿಸಿದ್ದರು ಎಂಬುದನ್ನು ಈಗ ಆ ಚಳವಳಿಯನ್ನು ಕೊಂಡಾಡುವವರು ಮರೆಯುತ್ತಾರೆ. ಮೈರಾಡ ಮುಂದೆ ಸಿಡಾರ್ ಎಂಬ ತರಬೇತಿ ಕೇಂದ್ರಗಳನ್ನೇ ಕಟ್ಟಿತು. ಗ್ರಾಮೀಣ ಸಂಸ್ಥೆಗಳಿಗೆ ಬೆಂಗಳೂರಿನ ಹೋಟೆಲ್ ಸಭಾಂಗಣದ ಕಾರ್ಯಾಗಾರಕ್ಕಿಂತ ಇಂಥ ಕಡೆಯ ಕಲಿಕೆ ಹೆಚ್ಚು ಒಗ್ಗುತ್ತದೆ.

ಯಾರನ್ನು, ಯಾವ ಷರತ್ತಿನ ಮೇಲೆ

ಈಗ ಸಲಹೆಗಾರರ ಆಯ್ಕೆ. ಮೊದಲು ಯಾರನ್ನು ಹತ್ತಿರ ಸೇರಿಸಬಾರದು ಎಂಬುದು. “ಸಿಎಸ್‌ಆರ್ ಕೊಡಿಸುತ್ತೇನೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್” ಎನ್ನುವವರು ಪ್ರತಿ ಜಿಲ್ಲೆಯಲ್ಲೂ ಓಡಾಡುತ್ತಿದ್ದಾರೆ. ಕೆಲವರು ಮುಂಗಡವಾಗಿ ಪ್ರೊಸೆಸಿಂಗ್ ಶುಲ್ಕ ಕೇಳುತ್ತಾರೆ, ಇನ್ನು ಕೆಲವರು ಬಂದ ಹಣದ ಒಂದು ಭಾಗವನ್ನು ನಗದಾಗಿ ಹಿಂದಿರುಗಿಸಲು ಹೇಳುತ್ತಾರೆ. ಎರಡನೆಯದಕ್ಕೆ ಕೈ ಹಾಕಿದರೆ ಟ್ರಸ್ಟಿಗಳು ಕಾನೂನಿನ ಕುಣಿಕೆಗೆ ತಾವಾಗಿಯೇ ಕತ್ತು ಕೊಟ್ಟಂತೆ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು, ಕಂಪನಿ ತಾನೇ ಕಟ್ಟಿದ ಸಂಸ್ಥೆ ಅಲ್ಲದಿದ್ದರೆ ಮೂರು ವರ್ಷದ ಕೆಲಸದ ಅನುಭವವೂ ಬೇಕು. ಇದಕ್ಕೆ ಮಧ್ಯವರ್ತಿ ಬೇಕಾಗಿಲ್ಲ.

ಕರೆಯಬೇಕಾದವರನ್ನು ಗುರುತಿಸಲು ಅವರು ಮೊದಲ ಭೇಟಿಯಲ್ಲಿ ಏನು ಕೇಳುತ್ತಾರೆ ನೋಡಿ. ಆಡಿಟ್ ವರದಿ, ಸಂಬಳದ ಪಟ್ಟಿ ಕೇಳಿ, ಒಂದು ದಿನ ಫೀಲ್ಡ್‌ಗೆ ಬರುತ್ತೇನೆ ಎಂದರೆ ಮುಂದುವರಿಯಬಹುದು. ಮೊದಲ ಭೇಟಿಯಲ್ಲೇ ವಿಷನ್, ಮಿಷನ್ ಬದಲಿಸೋಣ ಎಂದರೆ ಕಾಫಿ ಕುಡಿಸಿ ಕಳಿಸಿ. ಅವರು ಹಿಂದೆ ಕೆಲಸ ಮಾಡಿದ ಎರಡು ಸಂಸ್ಥೆಗಳಿಗೆ ಫೋನ್ ಮಾಡಿ, “ಅವರು ಬರೆದುಕೊಟ್ಟದ್ದರಲ್ಲಿ ಈಗಲೂ ಯಾವುದನ್ನು ಬಳಸುತ್ತಿದ್ದೀರಿ?” ಎಂದು ಕೇಳಿ. “ಚೆನ್ನಾಗಿತ್ತು ಸಾರ್” ಎಂದಷ್ಟೇ ಉತ್ತರ ಬಂದರೆ ಅರ್ಥ ಮಾಡಿಕೊಳ್ಳಬಹುದು.

ಶುಲ್ಕವಿಲ್ಲದ ನೆರವಿಗೂ ಬೆಲೆಯಿದೆ. ಐಟಿ ಕಂಪನಿಯ ಸ್ವಯಂಸೇವಕರು ಶನಿವಾರಗಳಲ್ಲಿ ಬಂದು ಒಂದು ಸಾಫ್ಟ್‌ವೇರ್ ಮಾಡಿಕೊಟ್ಟು ಹೋಗುತ್ತಾರೆ. ಆರು ತಿಂಗಳ ನಂತರ ಅದು ಕೈಕೊಟ್ಟಾಗ ಅವರಲ್ಲಿ ಇಬ್ಬರು ಅಮೆರಿಕದಲ್ಲಿರುತ್ತಾರೆ. ಅದರ ಬದಲು ಅದೇ ಸ್ವಯಂಸೇವಕರಿಂದ ನಿಮ್ಮ ಎಕ್ಸೆಲ್ ಹಾಳೆಗಳನ್ನು ಸರಿಪಡಿಸಿಕೊಂಡು, ಇಬ್ಬರು ಸಿಬ್ಬಂದಿಗೆ ಎಕ್ಸೆಲ್ ಕಲಿಸಿಕೊಂಡರೆ ಲಾಭ ಹೆಚ್ಚು.

ಶುಲ್ಕ ಕೊಡುವುದಾದರೆ ಒಂದು ಪುಟದ ಕೆಲಸದ ವ್ಯಾಪ್ತಿ ಪತ್ರವನ್ನು ನೀವೇ ಬರೆಯಿರಿ, ಸಲಹೆಗಾರರಿಗೆ ಬಿಡಬೇಡಿ. ಯಾವ ಪ್ರಶ್ನೆಗೆ ಉತ್ತರ ಬೇಕು, ಎಷ್ಟು ದಿನ, ನಮ್ಮ ಕಡೆಯಿಂದ ಯಾರು ಜತೆಗಿರುತ್ತಾರೆ, ಕೊನೆಗೆ ಕೈಗೆ ಏನು ಸಿಗಬೇಕು ಎಂಬುದು ಅದರಲ್ಲಿರಲಿ. “ಸಂಸ್ಥೆಯನ್ನು ಬಲಪಡಿಸುವುದು” ಎಂದು ಬರೆದರೆ ಏನೂ ಬರೆಯದಂತೆ. “ಪೂರ್ಣ ಖರ್ಚಿನ ಲೆಕ್ಕ ಮಾಡಿ, ಅಕೌಂಟೆಂಟ್ ಅದನ್ನು ಮೂರು ತಿಂಗಳು ತಾವಾಗಿ ನಡೆಸುವಂತೆ ಮಾಡುವುದು” ಎಂದರೆ ಅದು ಕೆಲಸ. ಸಲಹೆಗಾರರು ಜಿಎಸ್‌ಟಿ ನೋಂದಣಿ ಇರುವವರಾದರೆ ಶುಲ್ಕದ ಮೇಲೆ 18 ಪ್ರತಿಶತ ತೆರಿಗೆ ಸೇರುತ್ತದೆ. ಬಹುತೇಕ ಸಂಸ್ಥೆಗಳಿಗೆ ಅದು ಹಿಂದೆ ಬರುವುದಿಲ್ಲ, ಆದ್ದರಿಂದ ಬಜೆಟ್ಟಿನಲ್ಲಿ ಮೊದಲೇ ಸೇರಿಸಿ. ವರ್ಷಕ್ಕೆ 50,000 ರೂಪಾಯಿ ಮೀರಿದ ವೃತ್ತಿಶುಲ್ಕಕ್ಕೆ 10 ಪ್ರತಿಶತ ಟಿಡಿಎಸ್ ಹಿಡಿದು ಕಟ್ಟುವುದನ್ನು ಮರೆಯಬೇಡಿ, ನಂತರ ಬಡ್ಡಿ ದಂಡ ಕಟ್ಟಬೇಕಾದವರು ನೀವೇ.

ಯೋಜನೆ, ಕನ್ನಡದಲ್ಲಿ

ಕಾಗದಪತ್ರ, ಖರ್ಚಿನ ಲೆಕ್ಕ, ಬೋರ್ಡ್ ಈ ಮೂರು ಒಂದು ಹದಕ್ಕೆ ಬಂದ ಮೇಲೆ ಮುಂದಿನ ಮೂರು ವರ್ಷದ ಯೋಜನೆ ಮಾಡಿ. ಐದು ವರ್ಷ ಬೇಡ, ಸಿಎಸ್‌ಆರ್ ಒಪ್ಪಂದಗಳೇ ಒಂದು ವರ್ಷಕ್ಕಿಂತ ಆಚೆ ಹೋಗುವುದು ಕಡಿಮೆ.

ನಾನು ಕಂಡ ಯೋಜನಾ ವರದಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿರುತ್ತವೆ. ನಲವತ್ತು ಸ್ಲೈಡು, ಬಣ್ಣಬಣ್ಣದ ಬಾಣದ ಗುರುತು, ಮಧ್ಯದಲ್ಲೊಂದು “ಥಿಯರಿ ಆಫ್ ಚೇಂಜ್”. ಅದನ್ನು ಜಾರಿಗೆ ತರಬೇಕಾದ ಇಪ್ಪತ್ತು ಫೀಲ್ಡ್ ಸಿಬ್ಬಂದಿಯಲ್ಲಿ ಅದನ್ನು ಪೂರ್ತಿ ಓದಬಲ್ಲವರು ಇಬ್ಬರೋ ಮೂವರೋ. ವರದಿ ಫಂಡರ್‌ಗೆ ಮೇಲ್ ಆಗುತ್ತದೆ, ಸಂಸ್ಥೆಯ ಕಪಾಟಿನಲ್ಲಿ ಸ್ಪೈರಲ್ ಬೈಂಡ್ ಆಗಿ ಕೂರುತ್ತದೆ. ಒಪ್ಪಂದದಲ್ಲೇ ಒಂದು ಷರತ್ತು ಹಾಕಿ: ಕೊನೆಯ ಮಂಡನೆ ಎಲ್ಲ ಸಿಬ್ಬಂದಿಯೆದುರು ಕನ್ನಡದಲ್ಲಿ, ಪ್ರೊಜೆಕ್ಟರ್ ಇಲ್ಲದೆ ಆಗಬೇಕು. ಕಲಬುರಗಿಯ ಕಾರ್ಯಕರ್ತೆ ಎದ್ದು “ಹೌದ್ರಿ, ಆದ್ರ ತಿಂಗಳಿಗೆ ನಲವತ್ತು ಮನಿ ಭೇಟಿ ಯಾರ್ ಮಾಡ್ತಾರ? ಈಗ ಇರೋದ ಮಾಡಾಕ ಆಗವಲ್ದು” ಎಂದು ಕೇಳಿದರೆ, ಯೋಜನೆಯ ಮೊದಲ ನಿಜವಾದ ಪರೀಕ್ಷೆ ಅಲ್ಲೇ ಆಗುತ್ತದೆ. ಸಲಹೆಗಾರರಿಗೆ ಕನ್ನಡ ಬಾರದಿದ್ದರೆ ಜತೆಗೆ ಬರುವವರೊಬ್ಬರನ್ನು ಅವರೇ ಹೊಂದಿಸಲಿ.

ಯೋಜನೆಯಲ್ಲಿ ಇರಲೇಬೇಕಾದ ಒಂದು ಪುಟವಿದೆ, ಬಹುತೇಕ ಎಲ್ಲೂ ಇರುವುದಿಲ್ಲ. ಏನನ್ನು ನಿಲ್ಲಿಸುತ್ತೇವೆ ಎಂಬ ಪುಟ ಅದು. ಒಂದು ಕಾಲಕ್ಕೆ ಹೊಲಿಗೆ ತರಬೇತಿಗೆ ಫಂಡ್ ಬಂತು, ಶುರುಮಾಡಿದರು. ಆಮೇಲೆ ಕೆರೆ ಹೂಳೆತ್ತಲು ಬಂತು, ಅದೂ ಆಯಿತು. ಈಗ ಡಿಜಿಟಲ್ ಸಾಕ್ಷರತೆ. ಬಂದದ್ದನ್ನೆಲ್ಲ ಹಿಡಿದುಕೊಂಡ ಸಂಸ್ಥೆಗೆ ತಾನು ಯಾವುದರಲ್ಲಿ ಗಟ್ಟಿ ಎಂದು ಹೇಳಲಾಗುವುದಿಲ್ಲ, ಕೇಳಿದವರಿಗೆ ಹದಿನೆಂಟು ಫೋಟೋ ಇರುವ ಕರಪತ್ರ ಕೊಡುತ್ತದೆ. ಹೊರಗಿನ ಸಲಹೆಗಾರರಿಂದ ಆಗುವ ಅತಿ ದೊಡ್ಡ ಉಪಕಾರ ಬಹುಶಃ ಏನನ್ನು ನಿಲ್ಲಿಸಬೇಕೆಂದು ಹೇಳುವುದೇ. ಒಳಗಿನವರಿಗೆ ಪ್ರತಿ ಕಾರ್ಯಕ್ರಮದ ಜತೆಗೂ ಒಬ್ಬ ಸಿಬ್ಬಂದಿಯ ಮುಖ ಕಾಣುವುದರಿಂದ ನಿಲ್ಲಿಸುವ ಮಾತು ಬಾಯಿಗೆ ಬರುವುದಿಲ್ಲ.

ಹಣದ ಹೊಸ ದಾರಿಗಳ ಬಗ್ಗೆ ಕೇಳುವವರೂ ಇದ್ದಾರೆ. ಸಾಮಾಜಿಕ ಷೇರು ವಿನಿಮಯ ಕೇಂದ್ರದಲ್ಲಿ 2023ರ ಡಿಸೆಂಬರಿನಲ್ಲಿ ದೇಶದಲ್ಲೇ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್, ಎತ್ತಿದ್ದು 1.8 ಕೋಟಿ ರೂಪಾಯಿ. ಬಡ್ಡಿಯೂ ಇಲ್ಲದ, ಅಸಲೂ ಮರಳದ ಬಾಂಡು, ಒಂದು ರೀತಿಯಲ್ಲಿ ವರದಿ ಕೊಡುವ ಕಟ್ಟುಪಾಡಿನ ದೇಣಿಗೆ. ಆದರೆ ಕನಿಷ್ಠ ಬಿಡುಗಡೆ ಮೊತ್ತವೇ 50 ಲಕ್ಷ, ನೋಂದಣಿಗೆ ವರ್ಷಕ್ಕೆ 50 ಲಕ್ಷದ ಖರ್ಚು ತೋರಿಸಬೇಕು. ತಾಲ್ಲೂಕು ಮಟ್ಟದ ಸಂಸ್ಥೆ ಸದ್ಯಕ್ಕೆ ಇದರ ಹಿಂದೆ ಬೀಳದಿದ್ದರೂ ನಷ್ಟವಿಲ್ಲ.

ಕೊನೆಯ ಕಂತಿನ ಮುನ್ನ

ಸಲಹೆಗಾರರ ಶುಲ್ಕದ ಕಾಲು ಭಾಗವನ್ನಾದರೂ ಕೊನೆಗೆ ಉಳಿಸಿಕೊಳ್ಳಿ, ಅದನ್ನು ವರದಿ ಕೈಸೇರಿದ ದಿನವೇ ಕೊಡಬೇಡಿ. ಎರಡು ತಿಂಗಳು ಬಿಟ್ಟು ಅವರನ್ನು ಮತ್ತೊಮ್ಮೆ ಕರೆಸಿ. ಆ ದಿನ ಮಾತಾಡಬೇಕಾದವರು ಸಲಹೆಗಾರರಲ್ಲ, ನಿಮ್ಮ ಅಕೌಂಟೆಂಟ್. ಅವರು ಹಿಂದಿನ ತಿಂಗಳ ಯೋಜನಾವಾರು ಲೆಕ್ಕವನ್ನು ಯಾರ ಸಹಾಯವೂ ಇಲ್ಲದೆ ತೆಗೆದು ತೋರಿಸಲಿ. ಎಕ್ಸೆಲ್ ಹಾಳೆಗಳಿಗೆ ಹಾಕಿದ ಬೀಗ ತೆಗೆಸಿಕೊಳ್ಳಿ, ಸೂತ್ರಗಳು ಕಾಣುವಂತಿರಲಿ. ಸಂಸ್ಥೆಯ ಇಮೇಲ್, ಆದಾಯ ತೆರಿಗೆ ಪೋರ್ಟಲ್, ನೀತಿ ಆಯೋಗದ ದರ್ಪಣ್ ಪೋರ್ಟಲ್ ಇವುಗಳ ಪಾಸ್‌ವರ್ಡ್ ಮತ್ತು ನೋಂದಾಯಿತ ಮೊಬೈಲ್ ಸಂಖ್ಯೆ ಯಾರ ಹೆಸರಿನಲ್ಲಿವೆ ಎಂದು ನೋಡಿ. ಸಲಹೆಗಾರರದ್ದೋ ಬಿಟ್ಟುಹೋದ ಸಿಬ್ಬಂದಿಯದ್ದೋ ಸಂಖ್ಯೆ ಇದ್ದರೆ ಅಂದೇ ಬದಲಿಸಿ. ದಾನಿಗಳ ಪಟ್ಟಿಯ ಪ್ರತಿ ಸಲಹೆಗಾರರ ಲ್ಯಾಪ್‌ಟಾಪಿನಲ್ಲಿದ್ದರೆ ಅಳಿಸಿದ್ದೇನೆಂದು ಮೇಲ್‌ನಲ್ಲಿ ಬರೆಸಿಕೊಳ್ಳಿ. ಇಷ್ಟೆಲ್ಲ ಮುಗಿದ ಮೇಲೆ ಟಿಡಿಎಸ್ ಕಳೆದು ಚೆಕ್ ಬರೆಯಿರಿ.